ಉಂಡ ಮನೆ ಯಾರದು?

ನ್ಯಾಯಕ್ಕಾಗಿ ಹೋರಾಡುವವರಿಗೂ ಹೊಟ್ಟೆ ಇದೆ. ಈ ಸರಳ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತಿ ಆಡುವುದಿಲ್ಲ. ವೇದಿಕೆಯ ಮೇಲೆ ನಿಂತು ನಮ್ಮ ಪರವಾಗಿ ಮಾತಾಡಿದವರಿಗೆ ಹಾರ ಹಾಕುತ್ತೇವೆ, ಜಯಕಾರ ಕೂಗುತ್ತೇವೆ. ಸಭೆ ಮುಗಿದ ಮೇಲೆ ಅವರ ಮನೆಯಲ್ಲಿ ಒಲೆ ಹತ್ತಿತೋ ಇಲ್ಲವೋ ಎಂದು ಕೇಳುವುದು ನಮ್ಮ ರೂಢಿಯಲ್ಲ. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಬೇರೆಯವರು ಕೇಳಿದ್ದಾರೆ. ಅರಸರು ಕೇಳಿದ್ದಾರೆ, ಸರಕಾರಗಳು ಕೇಳಿವೆ, ಸಿರಿವಂತರ ಪ್ರತಿಷ್ಠಾನಗಳು ಕೇಳಿವೆ, ಈಗ ಕಂಪನಿಗಳೂ ಕೇಳುತ್ತಿವೆ. ಅವರು ಕೊಟ್ಟ ಉತ್ತರಕ್ಕೆ ವಿದ್ಯಾರ್ಥಿವೇತನ, ಶಿಷ್ಯವೇತನ, ಫೆಲೋಶಿಪ್ ಎಂದು ನಾನಾ ಹೆಸರು.

ಫೆಲೋಶಿಪ್ ಎಂಬ ಮಾತು ದೊಡ್ಡದಾಗಿ ಕೇಳಿಸುತ್ತದೆ. ಅದರ ತಿರುಳು ಮಾತ್ರ ನಮ್ಮ ಗಿರಣಿಯ ಗೇಟಿನಲ್ಲೇ ಇದೆ. ಪಾಳಿ ಬಿಟ್ಟು ಕಾರ್ಮಿಕ ಕಚೇರಿಗೆ ಒಂದು ದಿನ ಅಲೆದರೆ ಆ ದಿನದ ಸಂಬಳ ಖೋತಾ. ಸಂತೆಯಲ್ಲಿ ತರಕಾರಿ ಮಾರುವ ಹೆಣ್ಣುಮಗಳು ನಗರಸಭೆಯ ಸಭೆಗೆ ಹೋಗಿ ಕುಳಿತರೆ ಆ ದಿನದ ವ್ಯಾಪಾರ ಕೆಟ್ಟಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳು ಆರಿಸಿದ ವ್ಯಾಪಾರಿಗಳಿಗೇ ಸೇರಬೇಕೆಂದು ಹೇಳಿತು. ಒಳ್ಳೆಯದು. ಆದರೆ ಆ ಸ್ಥಾನದಲ್ಲಿ ಕೂಡುವ ಹೊತ್ತಿನ ಕೂಲಿಯನ್ನು ಯಾರು ಕೊಡಬೇಕು? ಹಕ್ಕು ಕಾಗದದ ಮೇಲೆ ಬಂದರೂ, ಅದನ್ನು ಓದಿ, ತಿಳಿದು, ವಾದಿಸಿ ಪಡೆಯುವುದಕ್ಕೆ ಹೊತ್ತು ಬೇಕು. ಬಡವನ ಬಳಿ ಇಲ್ಲದಿರುವುದು ಅದೊಂದೇ. ಆ ಹೊತ್ತನ್ನು ಬಿಡಿಸಿಕೊಡುವ ಹಣವೇ ಫೆಲೋಶಿಪ್. ಹಾಗೆ ಬಿಡಿಸಿಕೊಟ್ಟಾಗ ಏನಾಗುತ್ತದೆ, ಬಿಡಿಸಿಕೊಟ್ಟವರು ಯಾರಾಗಿದ್ದರೆ ಏನಾಗುತ್ತದೆ ಎಂಬ ಎರಡು ಮಾತನ್ನು ದುಡಿಯುವ ಜನರು ಯೋಚಿಸಬೇಕೆಂದು ನಾವು ಬಯಸುತ್ತೇವೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ಮೊದಲು ನೋಡೋಣ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಭೀಮರಾವ್ ಅಂಬೇಡ್ಕರ್ ಎಂಬ 22 ವರ್ಷದ ತರುಣನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ 3 ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಓದಿ ಬಂದ ಮೇಲೆ 10 ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂಬುದು ಕರಾರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸಗಳನ್ನು ಅವರು ಹಸಿದವರಂತೆ ಓದಿದರು. 1916ರ ಮೇ ತಿಂಗಳಲ್ಲಿ ಅಲ್ಲಿನ ವಿದ್ವಾಂಸರ ಮುಂದೆ ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯನ್ನು ಕುರಿತು ಪ್ರಬಂಧ ಓದಿದರು. ತನ್ನನ್ನು ತುಳಿದ ವ್ಯವಸ್ಥೆಯನ್ನು ಬಿಡಿಸಿ ನೋಡುವ ಬಿಡುವು ಒಬ್ಬ ಮಹಾರ್ ತರುಣನಿಗೆ ಸಿಕ್ಕಿದ್ದು ಆ ಹನ್ನೊಂದೂವರೆ ಪೌಂಡಿನಿಂದ.

ಕರಾರಿನಂತೆ 1917ರಲ್ಲಿ ಅವರು ಬರೋಡಕ್ಕೆ ಚಾಕರಿಗೆ ಬಂದರು. ಕಚೇರಿಯ ಜವಾನರು ಕಡತಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆದರು. ಆ ಊರಿನಲ್ಲಿ ಬಾಡಿಗೆಗೆ ಕೋಣೆ ಸಿಗಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ಬೇರೆ ಹೆಸರು ಹೇಳಿ ಇಳಿದುಕೊಂಡರೆ, ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅಮೆರಿಕಕ್ಕೆ ಕಳುಹಿಸುವ ಶಕ್ತಿ ಅರಸನ ಖಜಾನೆಗಿತ್ತು. ಅದೇ ಅರಸನ ರಾಜಧಾನಿಯಲ್ಲಿ ಒಂದು ರಾತ್ರಿ ತಲೆ ಇಡುವ ಜಾಗ ಕೊಡಿಸುವ ಶಕ್ತಿ ಇರಲಿಲ್ಲ. ಒಬ್ಬನನ್ನು ಮೇಲೆತ್ತಿದ ಮಾತ್ರಕ್ಕೆ ಸಮಾಜ ಮೇಲೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಆ ಹಣ ನೀರಿಗೆ ಹಾಕಿದ್ದಾಯಿತೆ? ಇಲ್ಲ. ಅದರ ಬೆಳೆಯನ್ನು ಕೊಯ್ದವರು ಗಿರಣಿ ಕಾರ್ಮಿಕರು. ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುವ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಹರಿದ ನೂಲನ್ನು ಬಾಯಿಯ ಎಂಜಲಿನಿಂದ ಒದ್ದೆ ಮಾಡಿ ಸೇರಿಸಬೇಕಾಗಿದ್ದುದರಿಂದ ಜೊತೆಯ ಕೂಲಿಗಾರರೇ ಒಪ್ಪುತ್ತಿರಲಿಲ್ಲ. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಈ ಮಾತನ್ನು ಎತ್ತಿದವರು ಅಂಬೇಡ್ಕರರು. ಮಾಲೀಕನ ಅನ್ಯಾಯದ ಜೊತೆಗೆ ಕೂಲಿಗಾರನು ಕೂಲಿಗಾರನಿಗೆ ಮಾಡುವ ಅನ್ಯಾಯವನ್ನೂ ಹೆಸರು ಹಿಡಿದು ಹೇಳಬಲ್ಲವರು ಒಬ್ಬರು ಬೇಕಾಗಿತ್ತು. 1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಕೈಗಾರಿಕಾ ವಿವಾದ ಮಸೂದೆಯನ್ನು ಮುಂಬಯಿ ಸರಕಾರ ತಂದಾಗ, 1938ರ ನವೆಂಬರ್ 7ರಂದು ಕಮ್ಯೂನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ನಡೆಸಿದರು. 1942ರಿಂದ 1946ರವರೆಗೆ ವೈಸ್‌ರಾಯರ ಕಾರ್ಯಾಂಗ ಮಂಡಲಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. 1946ರ ಕಾರ್ಖಾನೆ ಕಾಯಿದೆಯ ತಿದ್ದುಪಡಿಯಿಂದ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಎಂಟು ಗಂಟೆಯ ಪಾಳಿ ಮುಗಿಸಿ ಮನೆಗೆ ಹೋಗುವ ನಮ್ಮ ಓದುಗರು, ಆ ಲೆಕ್ಕದಲ್ಲಿ ಬರೋಡದ ವಿದ್ಯಾರ್ಥಿವೇತನದ ಒಂದು ಪಾಲು ತಮ್ಮ ಮನೆಗೂ ಬಂದಿದೆಯೆಂದು ತಿಳಿಯಬಹುದು.

ಎರಡನೆಯ ಉದಾಹರಣೆ ಅಷ್ಟು ಪ್ರಸಿದ್ಧವಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕರ ಸಂಘವನ್ನು ಸ್ಥಾಪಿಸಿದರು. ಸೇರಿದವರು ಬದುಕನ್ನೆಲ್ಲ ದೇಶದ ಕೆಲಸಕ್ಕೆ ಕೊಡಬೇಕು. ಸಂಸಾರ ನಡೆಯುವಷ್ಟು ಮಿತವಾದ ವೇತನವನ್ನು ಸಂಘ ಕೊಡುತ್ತದೆ. ಉಪಾಧ್ಯಾಯರಾಗಿದ್ದ ನಾರಾಯಣ ಮಲ್ಹಾರ ಜೋಶಿಯವರು 1909ರಲ್ಲಿ ಈ ಸಂಘವನ್ನು ಸೇರಿದರು. 1911ರಲ್ಲಿ ಮುಂಬಯಿಯಲ್ಲಿ ಸಮಾಜ ಸೇವಾ ಲೀಗನ್ನು ಕಟ್ಟಿ, ಗಿರಣಿ ಕಾರ್ಮಿಕರ ಕೇರಿಗಳಲ್ಲಿ ರಾತ್ರಿ ಶಾಲೆ, ವಾಚನಾಲಯ, ಔಷಧಾಲಯಗಳನ್ನು ನಡೆಸಿದರು. 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಆಗ ಸಂಘ ಕಟ್ಟುವುದೇ ಅಪರಾಧವಾಗುವ ಕಾಲ. 1918ರಲ್ಲಿ ಹುಟ್ಟಿದ ಮದ್ರಾಸ್ ಕಾರ್ಮಿಕ ಸಂಘದ ಮುಂದಾಳುಗಳ ಮೇಲೆ ಬಕಿಂಗ್‌ಹ್ಯಾಮ್ ಕರ್ನಾಟಿಕ್ ಗಿರಣಿಯವರು ಹೈಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಇಂಥ ದಾವೆಗಳಿಂದ ಸಂಘಗಳಿಗೆ ರಕ್ಷಣೆ ಬೇಕೆಂದು ಜೋಶಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಠರಾವು ಮಂಡಿಸಿದರು. 1926ರಲ್ಲಿ ಟ್ರೇಡ್ ಯೂನಿಯನ್ ಕಾಯಿದೆ ಬಂತು. ಹೆರಿಗೆಯ ಕಾಲದಲ್ಲಿ ಹೆಣ್ಣು ಕೂಲಿಗಾರರಿಗೆ ರಜೆ, ಭತ್ಯ ಸಿಗಬೇಕೆಂದು 1924ರಲ್ಲಿ ಮಸೂದೆ ತಂದರು. ಆ ಸಭೆ ಅದನ್ನು ತಳ್ಳಿಹಾಕಿತು. ಐದು ವರ್ಷದ ಮೇಲೆ, 1929ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ಅಂಥ ಕಾಯಿದೆ ಬಂದೇ ಬಂತು. ಜೋಶಿಯವರ ನರಮ ರಾಜಕೀಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂಡುವ ತಾಳ್ಮೆ, ನಾಳೆಯ ಅಕ್ಕಿಯ ಚಿಂತೆ ಇದ್ದವರಿಗೆ ಸಾಧ್ಯವಾಗುತ್ತಿತ್ತೆ? ಭಾಷಣಕ್ಕೆ ಒಂದು ಸಂಜೆ ಸಾಕು. ಕಾಯಿದೆ ಮಾಡಿಸುವುದಕ್ಕೆ ಆಯುಷ್ಯ ಬೇಕು.

ಮೂರನೆಯದು ಹೊರದೇಶದ್ದು. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಹೈಲ್ಯಾಂಡರ್ ಎಂಬ ಜನತಾ ಶಾಲೆ 1932ರಲ್ಲಿ ಆರಂಭವಾಯಿತು. ಕಾರ್ಮಿಕ ಸಂಘಗಳ ಕಾರ್ಯಕರ್ತರಿಗೆ ಅಲ್ಲಿ ತರಬೇತಿ. ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಉಣ್ಣುವುದು ಆ ಭಾಗದಲ್ಲಿ ಕೇಳರಿಯದ ಮಾತು. ಅಲ್ಲಿ ಅದು ನಿತ್ಯದ ನಡತೆ. 1955ರ ಬೇಸಿಗೆಯಲ್ಲಿ ಅಲಬಾಮದ ಮಾಂಟ್ಗೊಮರಿ ಪಟ್ಟಣದಿಂದ ಬಟ್ಟೆ ಹೊಲಿಯುವ ಕೆಲಸದ ಹೆಂಗಸೊಬ್ಬರು ಅಲ್ಲಿನ ಶಿಬಿರಕ್ಕೆ ಹೋದರು. ಹೋಗುವ ಖರ್ಚಿಗೆ ಅವರ ಕೈಯಲ್ಲಿ ಹಣವಿರಲಿಲ್ಲ. ಸ್ನೇಹಿತರು ವಿದ್ಯಾರ್ಥಿವೇತನ ಕೊಡಿಸಿದರು. ಅವರು ರೋಸಾ ಪಾರ್ಕ್ಸ್. ಅದೇ ವರ್ಷ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಟ್ಟುಕೊಡುವುದಿಲ್ಲವೆಂದು ಕುಳಿತೇ ಇದ್ದು ಬಂಧಿತರಾದರು. ಶಿಬಿರದ ಕೆಲವು ದಿನಗಳೇ ಈ ಧೈರ್ಯ ಕೊಟ್ಟವೆಂದು ನಾವು ಹೇಳುವುದಿಲ್ಲ. ಕರಿಯರ ಹಕ್ಕಿನ ಸಂಸ್ಥೆಯಲ್ಲಿ ಅವರು ಹತ್ತಾರು ವರ್ಷದಿಂದ ದುಡಿಯುತ್ತಿದ್ದವರು. ಆದರೆ ಸಮಾನರಾಗಿ ಬದುಕುವುದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರುವ ಅವಕಾಶ ಆ ಸಣ್ಣ ನೆರವಿನಿಂದ ದೊರೆಯಿತು.

ಮುಂದಿನ ಕೆಲಸವನ್ನು ನಡೆಸಿದ್ದು ಯಾವ ಪ್ರತಿಷ್ಠಾನವೂ ಅಲ್ಲ. 381 ದಿನ ಆ ಊರಿನ ಕರಿಯ ಜನ ಬಸ್ಸು ಹತ್ತಲಿಲ್ಲ. ಟ್ಯಾಕ್ಸಿಯವರು ಮೊದಮೊದಲು ಬಸ್ಸಿನ ದರವಾದ 10 ಸೆಂಟಿಗೇ ಜನರನ್ನು ಒಯ್ದರು. ಚರ್ಚುಗಳ ಸಭೆಯಲ್ಲಿ ಅಡಿಗೆಯವರು, ಬಟ್ಟೆ ಒಗೆಯುವವರು ಚಿಲ್ಲರೆ ಕಾಸು ಹಾಕಿದರು. ರೋಸಾ ಪಾರ್ಕ್ಸರ ಕೆಲಸ ಹೋಯಿತು. ಚಳವಳಿ ನಿಲ್ಲಲಿಲ್ಲ. 1956ರಲ್ಲಿ ಸುಪ್ರೀಂ ಕೋರ್ಟು ಬಸ್ಸಿನೊಳಗಿನ ಭೇದವನ್ನು ರದ್ದು ಮಾಡಿತು. ಆ ಶಾಲೆಯ ಪರವಾನಗಿಯನ್ನು ಟೆನೆಸಿ ಸರಕಾರ 1961ರಲ್ಲಿ ಕಿತ್ತುಕೊಂಡಿತು. ತಮಗೆ ಯಾವುದು ಅಪಾಯ ಎಂಬುದು ಆಳುವವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಈ ಮೂರರಿಂದ ಸಿಗುವ ಪಾಠ ಒಂದು. ನೆರವು ಬಡವನ ಹೊತ್ತನ್ನು ಬಿಡಿಸಿ, ಬಿಡಿಸಿದ ಹೊತ್ತನ್ನು ಅವನ ಜನರ ಕೆಲಸಕ್ಕೆ ಒಪ್ಪಿಸಿದಾಗ ಫಲ ಬಂದಿದೆ. ಕೊಟ್ಟವನು ಆ ಹೊತ್ತಿನ ಮೇಲೆ ತನ್ನ ಮುದ್ರೆ ಒತ್ತಿದಾಗ ಬೆಳೆ ಕೆಟ್ಟಿದೆ. ಉಂಡ ಮನೆಗೆ ಎರಡು ಬಗೆಯಬೇಡ ಎಂಬುದು ನಮ್ಮವರ ಗಾದೆ. ಗಾದೆ ಸುಳ್ಳಲ್ಲ. ಹಾಗಿರುವಾಗ ಹೋರಾಟಗಾರ ಉಣ್ಣುವ ಮನೆ ಯಾರದು ಎಂಬುದೇ ಮುಖ್ಯವಾದ ಪ್ರಶ್ನೆ.

ಇವತ್ತು ನಮ್ಮ ದೇಶದಲ್ಲಿ ಆ ಮನೆ ಯಾರದು? ಮೊದಲನೆಯದು ಸರಕಾರದ್ದು. ಅದು ಧರ್ಮವಲ್ಲ, ಭಿಕ್ಷೆಯಲ್ಲ. ಬೆಂಕಿಪೊಟ್ಟಣ ಕೊಳ್ಳುವವನಿಂದಲೂ ತೆರಿಗೆ ಎತ್ತಿದ ಹಣ. ಅದನ್ನು ಹಿಂದಕ್ಕೆ ಪಡೆಯುವುದು ಜನರ ಹಕ್ಕು. ಪರಿಶಿಷ್ಟ ಜಾತಿಯ ಸಂಶೋಧಕರಿಗೆ ರಾಷ್ಟ್ರೀಯ ಫೆಲೋಶಿಪ್ 2005ರಲ್ಲಿ, ಅಲ್ಪಸಂಖ್ಯಾತರಿಗೆ ಮೌಲಾನಾ ಆಜಾದ್ ಫೆಲೋಶಿಪ್ 2009ರಲ್ಲಿ ಬಂದವು. ಇವುಗಳಿಂದ ಕೂಲಿಯವರ, ಚಪ್ಪಲಿ ಹೊಲಿಯುವವರ, ಬೀಡಿ ಕಟ್ಟುವವರ ಮಕ್ಕಳು ವಿಶ್ವವಿದ್ಯಾಲಯದ ಕೊನೆಯ ಮೆಟ್ಟಿಲಿನವರೆಗೆ ಹೋದರು. ಹೋದವರು ಸುಮ್ಮನೆ ಕೂಡದೆ ಪ್ರಶ್ನೆ ಕೇಳತೊಡಗಿದರು. ಆಮೇಲೆ ಏನಾಯಿತೆಂದು ನೋಡಿ. 2015ರ ಅಕ್ಟೋಬರಿನಲ್ಲಿ, ಅರ್ಹತಾ ಪರೀಕ್ಷೆಯ ಹೊರಗಿನ ಸಂಶೋಧಕರಿಗೆ ಸಿಗುತ್ತಿದ್ದ 5,000 ಮತ್ತು 8,000 ರೂಪಾಯಿಯ ಮಾಸಿಕ ನೆರವನ್ನೂ ನಿಲ್ಲಿಸಲು ಯು.ಜಿ.ಸಿ. ತೀರ್ಮಾನಿಸಿತು, ವಿದ್ಯಾರ್ಥಿಗಳು ದೆಹಲಿಯ ಅದರ ಕಚೇರಿಯ ಮುಂದೆ ಠಿಕಾಣಿ ಹೂಡಬೇಕಾಯಿತು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಪ್ರಾಣ ಕಳೆದುಕೊಂಡ ರೋಹಿತ್ ವೇಮುಲ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಕಾರ್ಯಕರ್ತ. ತನಗೆ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ, ಬರಬೇಕಾಗಿದೆ, ಅದನ್ನು ಮನೆಯವರಿಗೆ ಮುಟ್ಟಿಸಬೇಕು ಎಂಬ ಲೆಕ್ಕ ಆತನ ಕೊನೆಯ ಪತ್ರದಲ್ಲಿತ್ತು. 2022ರ ಡಿಸೆಂಬರಿನಲ್ಲಿ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಿರುವುದಾಗಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿತು.

ಇನ್ನೊಂದು ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಪರಿಶಿಷ್ಟ ಜಾತಿ ಮೊದಲಾದ ಬಡ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದುವುದಕ್ಕೆ ಕೇಂದ್ರ ಸರಕಾರ ವರ್ಷಕ್ಕೆ 125 ಜನರಿಗೆ ವಿದ್ಯಾರ್ಥಿವೇತನ ಇಟ್ಟಿತ್ತು. 2022ರ ಫೆಬ್ರವರಿಯಲ್ಲಿ ಅದರ ನಿಯಮ ಬದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ, ಇವುಗಳನ್ನು ವಿಷಯವಾಗಿ ತೆಗೆದುಕೊಂಡವರಿಗೆ ಹಣವಿಲ್ಲ ಎಂದಾಯಿತು. 1916ರಲ್ಲಿ ಅಂಬೇಡ್ಕರರು ಕೊಲಂಬಿಯದಲ್ಲಿ ಓದಿದ ಪ್ರಬಂಧದ ವಿಷಯ ಯಾವುದು? ಭಾರತದ ಜಾತಿಗಳು. ಒಬ್ಬ ಅರಸ ಕೊಟ್ಟಿದ್ದ ಸ್ವಾತಂತ್ರ್ಯವನ್ನು, ಅಂಬೇಡ್ಕರರ ಸಂವಿಧಾನದ ಮೇಲೆ ಪ್ರಮಾಣ ಮಾಡಿದ ಸರಕಾರ ಕೊಡಲೊಲ್ಲದು! ಯಂತ್ರವನ್ನು ಓದು, ವ್ಯಾಪಾರವನ್ನು ಓದು, ನಿನ್ನ ಕೇರಿ ಊರ ಹೊರಗೆ ಏಕಿದೆ ಎಂಬುದನ್ನು ಮಾತ್ರ ಓದಬೇಡ. ಇದೇ ಆ ನಿಯಮದ ಅರ್ಥ.

ಎರಡನೆಯ ಮನೆ ಪ್ರತಿಷ್ಠಾನಗಳದು, ಕಂಪನಿಗಳದು. ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿದ ಮೇಲೆ ಇಂಥ ಫೆಲೋಶಿಪ್ಪುಗಳ ಪ್ರಕಟಣೆ ಹೆಚ್ಚಾಗಿದೆ. ಇದರಲ್ಲಿ ಶಾಲೆಗಳ ಕೆಲಸ, ಆರೋಗ್ಯದ ಕೆಲಸ ಮಾಡುವ ಒಳ್ಳೆಯ ತರುಣ ತರುಣಿಯರಿದ್ದಾರೆ. ಅವರ ಪ್ರಾಮಾಣಿಕತೆಯನ್ನು ನಾವು ಸಂಶಯಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಕಂಪನಿಯ ಹಣದಲ್ಲಿ ಗುತ್ತಿಗೆ ಕಾರ್ಮಿಕರ ಸಂಘ ಕಟ್ಟುವವರಿಗೆ ವೇತನ ಸಿಕ್ಕೀತೆ? ಬಡತನವನ್ನು ಅಳೆಯುವವರಿಗೆ ಹಣವುಂಟು, ಬಡತನ ಯಾರಿಂದ ಬಂತೆಂದು ಕೇಳುವವರಿಗೆ ಉಂಟೆ? ಕೊಟ್ಟವನು ಬೇಡವೆನ್ನಬೇಕಾಗಿಯೇ ಇಲ್ಲ. ಮುಂದಿನ ವರ್ಷದ ಅರ್ಜಿ ಕಣ್ಮುಂದೆ ಇರುವಾಗ, ಉಂಡವನೇ ತನ್ನ ನಾಲಿಗೆಯನ್ನು ತಾನೇ ಮೊಟಕು ಮಾಡಿಕೊಳ್ಳುತ್ತಾನೆ. ಎರಡು ವರ್ಷ ಮುಗಿದ ಮೇಲೆ ಊರಿಗೆ ಒಂದು ವರದಿ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ಮೂರನೆಯ ಮನೆ ನಮ್ಮದು. ಅದರ ಬಾಗಿಲು ಇನ್ನೂ ಸರಿಯಾಗಿ ತೆರೆದಿಲ್ಲ.

ನಮ್ಮ ನಾಡಿಗೆ ಈ ಪದ್ಧತಿ ಹೊಸದೇನಲ್ಲ. ವಾರಾನ್ನವೆಂದರೆ ಹಿರಿಯರಿಗೆ ಗೊತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಯಲ್ಲಿ ಉಂಡು ಓದಿ ಮುಗಿಸುತ್ತಿದ್ದ. ಏಳು ಮನೆಯ ಅನ್ನ ಉಂಡವನಿಗೆ ಒಂದೇ ಮನೆಯ ಹಂಗಿಲ್ಲ ಎಂಬುದು ಅದರ ಗುಣ. ಅದರ ದೋಷವೂ ದೊಡ್ಡದು: ಜಾತಿ ನೋಡಿ ಎಲೆ ಹಾಕುತ್ತಿದ್ದರು, ಹೊಲೆಗೇರಿಯ ಹುಡುಗನಿಗೆ ವಾರದಲ್ಲಿ ಒಂದು ದಿನವೂ ಇರಲಿಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಆ ದೋಷವನ್ನು ಕೆಲಮಟ್ಟಿಗೆ ತಿದ್ದಿದವು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, 1952ರಲ್ಲಿ ಶಾಂತವೇರಿ ಗೋಪಾಲಗೌಡರನ್ನು ಜನ ವಿಧಾನಸಭೆಗೆ ಕಳುಹಿಸಿದಾಗ, ಆ ಕೆಲಸ ನಡೆದದ್ದು ಸಿರಿವಂತರ ಥೈಲಿಯಿಂದಲ್ಲ. ನಮಗೆ ಬೇಕಾದದ್ದು ಜಾತಿಯಿಲ್ಲದ ವಾರಾನ್ನ. ಏಳು ಮನೆಯದಲ್ಲ, ಸಾವಿರ ಮನೆಯದು.

ಲೆಕ್ಕ ಹಾಕಿ ನೋಡಿ. ಸಾವಿರ ಜನ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ತಿಂಗಳಿಗೆ 20 ರೂಪಾಯಿಯಂತೆ ಕೊಟ್ಟರೆ 20,000 ರೂಪಾಯಿ. ಒಬ್ಬ ಪೂರ್ಣಾವಧಿ ಕಾರ್ಯಕರ್ತನ ಸಂಸಾರ ಮಿತವಾಗಿ ನಡೆದೀತು. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಬರೀ ಮಕ್ಕಳ ಪಾಠವಲ್ಲ.

ಇಂಥವರ ಅಗತ್ಯ ಈಗಿನಷ್ಟು ಹಿಂದೆಂದೂ ಇರಲಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 14 ದಿನ ಮೊದಲು ನೋಟೀಸು ಕೊಡದೆ ಯಾವ ಕಾರ್ಖಾನೆಯಲ್ಲೂ ಮುಷ್ಕರ ಹೂಡುವಂತಿಲ್ಲ. ಮೊದಲು 100 ಜನ ಕೂಲಿಗಾರರಿದ್ದ ಕಾರ್ಖಾನೆಯನ್ನು ಮುಚ್ಚುವುದಕ್ಕೂ ಸರಕಾರದ ಅಪ್ಪಣೆ ಬೇಕಾಗಿತ್ತು; ಈಗ ಆ ಮಿತಿ 300. ಅಂಬೇಡ್ಕರರು 1938ರಲ್ಲಿ ಎದುರಿಸಿದ್ದು ಇಂಥದೇ ಕಾಗದವನ್ನು. ಇದನ್ನು ಸಾಲು ಸಾಲಾಗಿ ಓದಿ ಕೂಲಿಗಾರರಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ನಮ್ಮ ಗೇಟಿನಲ್ಲಿ ಎಷ್ಟು ಜನರಿದ್ದಾರೆ? ಸಂಘದ ಪದಾಧಿಕಾರಿಗಳಲ್ಲಿ ಹೊರಗಿನವರು ಮೂರರಲ್ಲಿ ಒಂದು ಪಾಲನ್ನು ಮೀರಬಾರದು, ಐದು ಜನರನ್ನೂ ಮೀರಬಾರದು ಎಂಬ ಕಟ್ಟು 2001ರ ತಿದ್ದುಪಡಿಯಲ್ಲೇ ಬಂದಿದೆ. ವಕೀಲರನ್ನು ಕರೆತಂದು ಕುರ್ಚಿಯಲ್ಲಿ ಕೂಡಿಸಿ ನಿಶ್ಚಿಂತರಾಗುವ ಕಾಲ ಹೋಯಿತು. ನಮ್ಮವರನ್ನು ನಾವೇ ಓದಿಸಿ ತಯಾರು ಮಾಡಬೇಕು.

ಇದಕ್ಕೆ ಎದುರಾಗಿ ಬರುವ ಮಾತು ನಮಗೆ ಗೊತ್ತು. ಹೋರಾಟಕ್ಕೆ ಸಂಬಳ ಕೊಟ್ಟರೆ ಪುಡಾರಿಗಳು ಹುಟ್ಟುತ್ತಾರೆ. ಚಂದಾ ತಿಂದು ಮನೆ ಕಟ್ಟಿಸಿದವರನ್ನು ನೋಡಿಲ್ಲವೆ? ನೋಡಿದ್ದೇವೆ. ಆದರೆ ಸಂಬಳವಿಲ್ಲದ ಮುಂದಾಳು ಯಾರಾಗಬಲ್ಲ? ಒಂದೋ ಮನೆಯಲ್ಲಿ ಆಸ್ತಿಯುಳ್ಳವನು, ಇಲ್ಲವೇ ಹಿಂಬಾಗಿಲಿನಿಂದ ಮಾಲೀಕನ ಲಕೋಟೆ ತೆಗೆದುಕೊಳ್ಳುವವನು. ಮುಂಬಾಗಿಲಿನಲ್ಲಿ ಎಲ್ಲರ ಕಣ್ಣೆದುರು ಕೊಡುವ ಕೂಲಿಗಿಂತ ಹಿಂಬಾಗಿಲಿನ ಲಕೋಟೆ ದುಬಾರಿ ಎಂಬುದನ್ನು ಕಾರ್ಮಿಕರು ಅನೇಕ ಸಲ ತೆತ್ತು ತಿಳಿದಿದ್ದಾರೆ.

ಆದುದರಿಂದ ಕಟ್ಟುಪಾಡು ಇರಲಿ. ಆಯ್ಕೆ ಬಯಲು ಸಭೆಯಲ್ಲಿ ಆಗಲಿ, ಮುಖಂಡರ ಅಳಿಯಂದಿರಿಗೆ ಬೇಡ. ಅವಧಿ ಎರಡು ವರ್ಷವಿರಲಿ. ಮುಂದುವರಿಸಬೇಕಾದರೆ ಮತ್ತೆ ಸಭೆಯೇ ಹೇಳಲಿ. ತಿಂಗಳ ಲೆಕ್ಕವನ್ನು ಸಂಘದ ಗೋಡೆಗೆ ಅಂಟಿಸಲಿ. ಇಬ್ಬರನ್ನು ಆರಿಸಿದರೆ ಒಬ್ಬರು ಹೆಣ್ಣಾಗಿರಲಿ. ಇಲ್ಲಿಯವರೆಗೆ ಎಲೆಯೇ ಬೀಳದ ಕೇರಿಗೆ ಮೊದಲ ಸರದಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾರ್ಯಕರ್ತರು ಸಂಘದ ಮುಂದಾಳುಗಳ ತಪ್ಪನ್ನು, ನಮ್ಮ ಪಕ್ಷದ ತಪ್ಪನ್ನು, ಈ ಪತ್ರಿಕೆಯ ತಪ್ಪನ್ನೂ ಹೇಳಿದರೆ ಅವರ ಅನ್ನ ನಿಲ್ಲಬಾರದು. ಅಪ್ರಿಯ ಮಾತಿಗೆ ಅನ್ನ ಕಿತ್ತುಕೊಳ್ಳುವುದಾದರೆ ನಮಗೂ ಕಂಪನಿಗೂ ಏನು ವ್ಯತ್ಯಾಸ?

ನಾವು ಕೊಡತೊಡಗಿದೆವೆಂದು ಸರಕಾರವನ್ನು ಬಿಟ್ಟುಬಿಡಬಾರದು. ನಿಲ್ಲಿಸಿದ ಫೆಲೋಶಿಪ್ಪುಗಳು ಮತ್ತೆ ಬರಬೇಕು, ತಿಂಗಳ ಹಣ ತಿಂಗಳಿಗೆ ಸೇರಬೇಕು, ಏನು ಓದಬೇಕೆಂಬುದನ್ನು ಓದುವವರೇ ತೀರ್ಮಾನಿಸಬೇಕು. ಈ ಮೂರು ಬೇಡಿಕೆಗಳನ್ನು ವಿದ್ಯಾರ್ಥಿಗಳ ತಲೆಗೆ ಬಿಡದೆ ಗಿರಣಿಯ ಸಂಘಗಳೂ ವ್ಯಾಪಾರಿಗಳ ಸಂಘಗಳೂ ತಮ್ಮ ಠರಾವಿನಲ್ಲಿ ಸೇರಿಸಿಕೊಳ್ಳಬೇಕು. ಅಲ್ಲಿ ಓದುತ್ತಿರುವವರು ನಮ್ಮ ಮನೆಯ ಮಕ್ಕಳೇ.

ಅಂಬೇಡ್ಕರರು ಪ್ರಾಂತ್ಯಗಳ ಹಣಕಾಸಿನ ಮೇಲೆ ಬರೆದ ತಮ್ಮ ಗ್ರಂಥವನ್ನು 1925ರಲ್ಲಿ ಸಯಾಜಿರಾವ್ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದರು. ಅರಸನ ಋಣ ಒಂದು ಪುಟದಲ್ಲಿ ತೀರಿತು. ಬದುಕನ್ನು ಮಾತ್ರ ಅವರು ತಮ್ಮ ಜನಕ್ಕೆ ಅರ್ಪಿಸಿದರು. ಅಷ್ಟು ಗಟ್ಟಿಯಾದ ಮನಸ್ಸು ನೂರರಲ್ಲಿ ಒಬ್ಬರಿಗೆ ಇರಬಹುದು. ಉಳಿದ ತೊಂಬತ್ತೊಂಬತ್ತು ಜನ ಉಂಡ ಮನೆಯನ್ನು ನೋಡಿ ನಡೆಯುವವರು. ಅವರು ನಮ್ಮನ್ನು ನೋಡಿ ನಡೆಯಬೇಕಾದರೆ ಎಲೆ ಹಾಕಬೇಕಾದವರು ನಾವು. ಬರುವ ಸಂಬಳದ ದಿನ ಗೇಟಿನಲ್ಲಿ, ಬರುವ ಸಂತೆಯ ದಿನ ಪೇಟೆಯಲ್ಲಿ, ಆ 20 ರೂಪಾಯಿಯ ಚಂದಾ ಪುಸ್ತಕ ತೆರೆಯಲಿ.